ಗೋದಲಿ, ನಕ್ಷತ್ರ, ಹತ್ತಿಯ ಕುರಿ: ಪ್ರಾಥಮಿಕ ಶಾಲೆಗೆ ಕ್ರಿಸ್ಮಸ್ ಕರಕುಶಲ ಮತ್ತು ಕಲಿಕೆಯ ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ಬಂತೆಂದರೆ ರಾಯಚೂರು ಕಡೆಯ ಹಳ್ಳಿ ಶಾಲೆಗಳಲ್ಲಿ ಹಾಜರಿ ಇಳಿಯತೊಡಗುತ್ತದೆ. ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸ ನಡೆದಿರುತ್ತದೆ. ದೊಡ್ಡವರ ಹಿಂದೆ ಮಕ್ಕಳೂ ಹೋಗುತ್ತಾರೆ. ಇಂಥ ತಿಂಗಳಲ್ಲಿ ಶಾಲೆಯಲ್ಲಿ ಏನಾದರೂ ಅರ್ಧ ಮಾಡಿಟ್ಟಿದ್ದರೆ ಮಗು ಮರುದಿನ ಬಂದೇ ಬರುತ್ತದೆ. 'ನನ್ನ ಚಿಕ್ಕಿಗೆ (ನಕ್ಷತ್ರಕ್ಕೆ) ಇನ್ನೂ ಕಾಗದ ಹಚ್ಚಿಲ್ಲ' ಅಂತ ಮನೆಯಲ್ಲಿ ಹಟ ಮಾಡಿ ಬರುತ್ತದೆ. ಕ್ರಿಸ್ಮಸ್ ಕರಕುಶಲವನ್ನು ನಾನು ಪ್ರತಿ ವರ್ಷ ಬಿಡದೆ ಮಾಡಿಸುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ ಪಾಠ. ಗೋಡೆಗೆ ಅಂಟಿಸಲು ಚೆಂದದ ವಸ್ತು ಬೇಕು ಅಂತ ಮಾತ್ರ ಕರಕುಶಲ ಮಾಡಿಸಿದರೆ ಎರಡು ದಿನ ಹೋಗುತ್ತದೆ, ಕೈಗೆ ಏನೂ ಬರುವುದಿಲ್ಲ. ಮಗು ಮಾಡುವ ಪ್ರತಿ ವಸ್ತುವಿನ ಒಳಗೂ ಪುಸ್ತಕದ ಒಂದು ಪಾಠ ಇರಬೇಕು. ಅಳತೆ, ಕೋನ, ಸಮಮಿತಿ, ಮಣ್ಣಿನ ಗುಣ, ಪತ್ರ ಬರೆಯುವುದು ಹೀಗೆ ಏನಾದರೂ ಒಂದು. ಪಾಠವಿಲ್ಲದ ವಸ್ತುವನ್ನು ಧೈರ್ಯವಾಗಿ ಬಿಟ್ಟುಬಿಡಿ. ಇನ್ನು ಸಾಮಾನಿನ ವಿಷಯ. ಪೇಟೆಯಿಂದ ಥರ್ಮಾಕೋಲ್, ಮಿಂಚು ಪುಡಿ ತರಬೇಕಿಲ್ಲ. ಎರೆ ಮಣ್ಣು, ಹತ್ತಿ, ಜೋಳದ ದಂಟು, ಹಳೆ ಲಗ್ನಪತ್ರಿಕೆ ನಮ್ಮೂರಲ್ಲೇ ಸಿಗುತ್ತವೆ.

ಕೆಳಗಿನ ಲೆಕ್ಕವೆಲ್ಲ 1ರಿಂದ 5ನೇ ತರಗತಿಯ 36 ಮಕ್ಕಳಿಗೆ. ನಿಮ್ಮಲ್ಲಿ ಎಷ್ಟು ಮಕ್ಕಳಿದ್ದಾರೋ ಅದಕ್ಕೆ ಹೊಂದಿಸಿಕೊಳ್ಳಿ.

ಶುರು ಮಾಡುವ ಮುಂಚೆ

ಮೊದಲು ಪಾಲಕರಿಗೆ ಹೇಳಿ. 'ಇದು ಪೂಜೆ, ಪ್ರಾರ್ಥನೆ ಅಲ್ಲ. ಒಂದು ಹಬ್ಬದ ಬಗ್ಗೆ ತಿಳಿಯುತ್ತ ಕೈಕೆಲಸ ಕಲಿಯುತ್ತಾರೆ' ಅಂತ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಎರಡು ಮಾತು ಹೇಳಿದರೆ ಸಾಕು. ನಮ್ಮ ಕಡೆ ಇದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲನ್ನೇ ನೋಡಿ. ಅಲ್ಲಿನ ಮೊಹರಂಗೆ ಎಲ್ಲ ಜಾತಿಯವರೂ ಸೇರುತ್ತಾರೆ. ಅದೇ ಊರಲ್ಲಿ 16ನೇ ಶತಮಾನದಿಂದ ಕ್ಯಾಥೋಲಿಕ್ ಕ್ರೈಸ್ತರೂ ಇದ್ದಾರೆ. ನಿಮ್ಮ ಊರಲ್ಲಿ ಕ್ರೈಸ್ತ ಮನೆಗಳಿದ್ದರೆ ಅಲ್ಲಿನ ಅಜ್ಜಿಯನ್ನೋ ಅಮ್ಮನನ್ನೋ ಒಂದು ಗಂಟೆ ಕರೆಯಿರಿ. ಹಬ್ಬಕ್ಕೆ ಮನೆಯಲ್ಲಿ ಏನು ಮಾಡುತ್ತಾರೆ, ಏನು ಅಡುಗೆ, ಯಾವ ಹಾಡು ಅಂತ ಅವರ ಬಾಯಲ್ಲೇ ಮಕ್ಕಳು ಕೇಳಲಿ. ತರಗತಿಯಲ್ಲಿ ಒಂದೇ ಒಂದು ಕ್ರೈಸ್ತ ಮಗು ಇದ್ದರೆ ಅದನ್ನು ಎಬ್ಬಿಸಿ ನಿಲ್ಲಿಸಿ 'ನೀನು ಹೇಳು' ಅನ್ನಬೇಡಿ. ತಾನಾಗಿ ಹೇಳಿದರೆ ಸಂತೋಷ.

ಅಂಟು ಶಾಲೆಯಲ್ಲೇ ಮಾಡಿಕೊಳ್ಳಿ. ಮೂರು ದೊಡ್ಡ ಚಮಚ ಮೈದಾವನ್ನು ಮೊದಲು ಸ್ವಲ್ಪ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ. ಆಮೇಲೆ ಒಂದು ಲೋಟ ನೀರು ಸೇರಿಸಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಬಿಳಿ ಬಣ್ಣ ಹೋಗಿ ಹೊಳಪು ಬಂದಾಗ ಇಳಿಸಿ. ಬಿಸಿಯೂಟದ ಅಡುಗೆಯವರಿಗೆ ಹೇಳಿದರೆ ಹತ್ತು ನಿಮಿಷದ ಕೆಲಸ. ಇದು ಎರಡು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ. ಬಾಳಿಕೆ ಬರಲಿ ಅಂತ ಕೆಲವರು ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳ ಕೈಗೆ ಕೊಡುವ ಅಂಟಿಗೆ ಬೇಡವೇ ಬೇಡ. ಅಂಟು ಕುದಿಯುವಾಗ ಕೊಪ್ಪಳದ ಕಿನ್ನಾಳದ ಸುದ್ದಿ ಹೇಳಬಹುದು. ಅಲ್ಲಿನ ಚಿತ್ರಗಾರರು ಹಗುರ ಮರದ ಬೊಂಬೆಗಳ ಭಾಗಗಳನ್ನು ಕೂಡಿಸಲು ಹುಣಸೆ ಬೀಜದ ಅಂಟು ಬಳಸುತ್ತಾರೆ. ಆ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ದಿನಗಳನ್ನು ಹಿಂದಿನಿಂದ ಎಣಿಸಿ. 25ಕ್ಕೆ ರಜೆ, ಹಾಗಾಗಿ 24ಕ್ಕೆ ಎಲ್ಲ ಮುಗಿದಿರಬೇಕು. ಮಣ್ಣು ಒಣಗಲು ಐದು ದಿನ ಬೇಕು, ಅಂಚೆ ಮುಟ್ಟಲು ಒಂದು ವಾರ ಬೇಕು. ಈ ಎರಡನ್ನೂ 12, 13ನೇ ತಾರೀಖಿಗೇ ಶುರು ಮಾಡಿ. ನಕ್ಷತ್ರ ಅದರ ಮುಂದಿನ ವಾರಕ್ಕೆ. ದಿನದ ಕೊನೆಯ ಒಂದು ಗಂಟೆ ಸಾಕು. ಬ್ಯಾಗ್ ಇಲ್ಲದ ಶನಿವಾರ ಸಿಕ್ಕರೆ ದೊಡ್ಡ ಕೆಲಸವನ್ನು ಅವತ್ತಿಗೆ ಇಟ್ಟುಕೊಳ್ಳಿ.

ಕಥೆಯನ್ನು ನೇರವಾಗಿ ಹೇಳಿ

ಕಥೆ ಗೊತ್ತಿಲ್ಲದೆ ಬೊಂಬೆ ಮಾಡಿಸಿದರೆ ಮಕ್ಕಳಿಗೆ ಅದು ಸುಮ್ನೆ ಮಣ್ಣಿನ ಮುದ್ದೆ. ಬೈಬಲ್‌ನಲ್ಲಿ ಯೇಸುವಿನ ಹುಟ್ಟಿನ ಕಥೆ ಎರಡು ಕಡೆ ಬರುತ್ತದೆ. ಲೂಕನು ಬರೆದ ಭಾಗದಲ್ಲಿ ಜನಗಣತಿಗಾಗಿ ಬೇರೆ ಊರಿಗೆ ಬಂದ ಯೋಸೇಫ, ಮರಿಯ ಇದ್ದಾರೆ. ಇಳಿದುಕೊಳ್ಳಲು ಜಾಗ ಸಿಗದೆ ಹುಟ್ಟಿದ ಮಗುವನ್ನು ಗೋದಲಿಯಲ್ಲಿ ಮಲಗಿಸುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದವರು ಮೊದಲು ನೋಡಲು ಬರುತ್ತಾರೆ. ಮತ್ತಾಯನು ಬರೆದ ಭಾಗದಲ್ಲಿ ನಕ್ಷತ್ರವನ್ನು ಹಿಂಬಾಲಿಸಿ ಪೂರ್ವದಿಂದ ಬರುವ ಜ್ಞಾನಿಗಳಿದ್ದಾರೆ. ಅವರು ಮೂವರು ಅಂತ ಅಲ್ಲಿ ಬರೆದಿಲ್ಲ. ಕಾಣಿಕೆ ಮೂರು ಇದ್ದವು: ಚಿನ್ನ, ಧೂಪ, ರಕ್ತಬೋಳ (ಮರದಿಂದ ಸಿಗುವ ಸುವಾಸನೆಯ ಅಂಟು). 'ಹಾಗಾದರೆ ಎಷ್ಟು ಜನ ಇದ್ದಿರಬಹುದು?' ಅಂತ ಮಕ್ಕಳನ್ನು ಕೇಳಿ. ಐದನೇ ತರಗತಿಯವರು ಇದರ ಮೇಲೆ ಒಳ್ಳೆ ಚರ್ಚೆ ಮಾಡುತ್ತಾರೆ.

ನಮ್ಮ ಮಕ್ಕಳಿಗೆ ಈ ಕಥೆ ಹತ್ತಿರದ್ದು. ದನಗಳಿಗೆ ಮೇವು ಹಾಕುವ ಗೋದಲಿ ಎಷ್ಟೋ ಮನೆಗಳಲ್ಲಿ ಈಗಲೂ ಇದೆ. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು, ಕಂಬಳಿ ಹೊದ್ದು ರಾತ್ರಿಯೆಲ್ಲ ಕಾಯುವ ಕುರುಬರನ್ನು ಅವರು ನೋಡಿದ್ದಾರೆ. 'ಚಳಿಯಲ್ಲಿ ಅವರು ಏನು ಮಾತಾಡಿಕೊಳ್ಳುತ್ತಿದ್ದರು?' ಅಂತ ಕೇಳಿ, ಇಬ್ಬಿಬ್ಬರನ್ನು ಕೂರಿಸಿ ಸಂಭಾಷಣೆ ಆಡಿಸಿ. ಆಡುಮಾತಿನಲ್ಲೇ ಆಡಲಿ, ತಿದ್ದಬೇಡಿ. ಆಮೇಲೆ ಅದನ್ನೇ ಐದು ವಾಕ್ಯಗಳಲ್ಲಿ ಬರೆಸಿ. ಭೂಪಟದಲ್ಲಿ ಬೆತ್ಲೆಹೇಮ್ ತೋರಿಸುವುದು ಮರೆಯಬೇಡಿ. ಅದು ಇಂದಿನ ಪ್ಯಾಲೆಸ್ಟೈನ್‌ನ ವೆಸ್ಟ್ ಬ್ಯಾಂಕ್‌ನಲ್ಲಿ, ಜೆರುಸಲೇಮಿನ ದಕ್ಷಿಣಕ್ಕೆ ಇದೆ.

ಗೋದಲಿಯ ದೃಶ್ಯ ಕಟ್ಟುವ ರೂಢಿಗೂ ಒಂದು ಇತಿಹಾಸ ಇದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸ್ ಹುಲ್ಲು ಹರವಿ, ಜೀವಂತ ಎತ್ತು, ಕತ್ತೆಗಳನ್ನು ತಂದು ನಿಲ್ಲಿಸಿ ಜನರಿಗೆ ಆ ರಾತ್ರಿಯನ್ನು ತೋರಿಸಿದರು. ಎತ್ತು, ಕತ್ತೆ ಬೈಬಲ್‌ನ ಹುಟ್ಟಿನ ಕಥೆಯಲ್ಲಿ ಇಲ್ಲ. ಆದರೆ ಗೋದಲಿ ಇದ್ದ ಕಡೆ ದನ ಇರಲೇಬೇಕಲ್ವಾ?

ಮಣ್ಣಿನ ಗೋದಲಿ

ಇದು ನನಗೆ ತುಂಬ ಇಷ್ಟದ ಕೆಲಸ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಅಭ್ಯಾಸವಿರುವ ಮಕ್ಕಳು ನಮ್ಮವರು. ಎತ್ತಿನ ಹಿಣಿಲು, ಕೋಡು ಹೇಗೆ ತೆಗೆಯಬೇಕು ಅಂತ ನೀವು ಕಲಿಸಬೇಕಿಲ್ಲ, ಅವರೇ ನಿಮಗೆ ಕಲಿಸುತ್ತಾರೆ. ಓದಿನಲ್ಲಿ ಹಿಂದೆ ಅನಿಸಿಕೊಂಡ ಹುಡುಗ ಇಲ್ಲಿ ಗುಂಪಿನ ಮುಂದಾಳು ಆಗುವುದನ್ನು ಗಮನಿಸಿ.

ತೊಂದರೆ ಮಣ್ಣಿನದು. ಕೃಷ್ಣಾ, ತುಂಗಭದ್ರಾ ನಡುವಿನ ನಮ್ಮ ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬೀಳುವುದನ್ನು ಎಲ್ಲರೂ ನೋಡಿದ್ದೇವೆ. ಬೊಂಬೆಯೂ ಹಾಗೇ ಸೀಳುತ್ತದೆ. ಹಾಗಾಗಿ ಬೊಂಬೆಗೆ ಕೈ ಹಾಕುವ ಮುಂಚೆ ಒಂದು ಪ್ರಯೋಗ ಮಾಡಿಸಿ.

ಮೂರು ಉಂಡೆ ಮಾಡಿಸಿ. ಒಂದು ಬರೀ ಎರೆ ಮಣ್ಣಿನದು. ಎರಡನೆಯದಕ್ಕೆ ಎರಡು ಪಾಲು ಮಣ್ಣು, ಒಂದು ಪಾಲು ಜರಡಿ ಹಿಡಿದ ಮರಳು. ಮೂರನೆಯದಕ್ಕೆ ಎರಡು ಪಾಲು ಮಣ್ಣು, ಒಂದು ಪಾಲು ಸಣ್ಣ ಹೊಟ್ಟು. ಪ್ರತಿ ಉಂಡೆಯ ಸುತ್ತಳತೆಯನ್ನು ದಾರ ಸುತ್ತಿ, ಸ್ಕೇಲಿನ ಮೇಲೆ ಇಟ್ಟು ಅಳೆಯಲಿ. ಮೂರೂ ಸುಮಾರು 16 ಸೆಂ.ಮೀ. ಬರುವಂತೆ ಸರಿಮಾಡಿಕೊಳ್ಳಲಿ. 'ಯಾವುದು ಹೆಚ್ಚು ಕುಗ್ಗುತ್ತದೆ?' ಎಂಬ ಊಹೆಯನ್ನು ಮೊದಲೇ ಬರೆಸಿಡಿ. ನೆರಳಲ್ಲಿ ಇಟ್ಟು ಮೂರು ದಿನ ಅಳೆಯಿರಿ. ಬರೀ ಎರೆ ಮಣ್ಣು ಜಾಸ್ತಿ ಕುಗ್ಗಿ ಬಿರುಕು ಬಿಡುತ್ತದೆ. ಮರಳು ಕುಗ್ಗುವ ವಸ್ತು ಅಲ್ಲ, ಹಾಗಾಗಿ ಅದು ಸೇರಿದ ಉಂಡೆ ಕಡಿಮೆ ಕುಗ್ಗುತ್ತದೆ. ಹೊಟ್ಟಿನ ನಾರು ಮಣ್ಣನ್ನು ಹಿಡಿದಿಡುತ್ತದೆ. ಮಣ್ಣಿನ ಗೋಡೆಗೆ ಹೊಟ್ಟು ಕಲಸುವುದು ಯಾಕೆ ಅಂತ ಮಕ್ಕಳಿಗೆ ಆಗ ಹೊಳೆಯುತ್ತದೆ. ಮೂರು ದಿನ ಕಾಯಲು ಆಗದಿದ್ದರೆ ಪ್ರಯೋಗವನ್ನೂ ಬೊಂಬೆಯನ್ನೂ ಒಟ್ಟಿಗೆ ಶುರು ಮಾಡಿ, ಬೊಂಬೆಗೆ ಮರಳಿನ ಮಿಶ್ರಣ ಬಳಸಿ.

ಮಣ್ಣನ್ನು ಹಿಂದಿನ ದಿನವೇ ನೆನೆಸಿ, ಕಲ್ಲು, ಗಾಜಿನ ಚೂರು ಇಲ್ಲದಂತೆ ನೀವೇ ಸೋಸಿ. ಚಪಾತಿ ಹಿಟ್ಟಿನ ಹದಕ್ಕೆ ನಾದಿಸಿ. 36 ಮಕ್ಕಳನ್ನು ಆರಾರರ ಆರು ಗುಂಪು ಮಾಡಿ. ಪ್ರತಿ ಗುಂಪಿನಲ್ಲೂ ಸಣ್ಣವರು, ದೊಡ್ಡವರು ಬೆರೆತಿರಲಿ. ಒಂದು ಗುಂಪು ಒಂದು ಗೋದಲಿ ಕಟ್ಟಲಿ: ಮಗು, ಮರಿಯ, ಯೋಸೇಫ, ಕುರುಬ, ಎತ್ತು, ಮೇವಿನ ತೊಟ್ಟಿ. ಅಳತೆ ಮೊದಲೇ ಗೊತ್ತು ಮಾಡಿ. ನಿಂತ ಮನುಷ್ಯ 10 ಸೆಂ.ಮೀ. ಆದರೆ ಎತ್ತು ಎಷ್ಟು ಎತ್ತರ ಇರಬೇಕು, ಮಗು ಎಷ್ಟು ಉದ್ದ? ಮನೆಯಲ್ಲಿ ಅಪ್ಪನ ಎತ್ತರ, ಎತ್ತಿನ ಎತ್ತರ ಅಳೆದುಕೊಂಡು ಬರಲಿ. ಅನುಪಾತದ ಪಾಠ ಹೀಗೆ ಬಂದರೆ ಮರೆಯುವುದಿಲ್ಲ.

ನಿಂತ ಬೊಂಬೆಗೆ ಕಾಲು ಮಾಡಿಸಬೇಡಿ, ಮುರಿಯುತ್ತದೆ. ದಪ್ಪ ಕ್ಯಾರೆಟ್ಟಿನ ಆಕಾರ ಮಾಡಿ, ಅಗಲದ ತುದಿಯನ್ನು ನೆಲಕ್ಕೆ ತಟ್ಟಿದರೆ ಸೀರೆಯೋ ನಿಲುವಂಗಿಯೋ ಉಟ್ಟಂತೆ ನಿಲ್ಲುತ್ತದೆ. ತಲೆ ಕೂಡಿಸುವಾಗ ಎರಡೂ ಕಡೆ ಕಡ್ಡಿಯಿಂದ ಗೀರಿ, ತೆಳ್ಳನೆ ಮಣ್ಣಿನ ನೀರು ಹಚ್ಚಿ ಒತ್ತಬೇಕು. ಸುಮ್ನೆ ಅಂಟಿಸಿದರೆ ಒಣಗಿದ ಮೇಲೆ ಉದುರುತ್ತದೆ. ಬಿಸಿಲಿಗೆ ಇಡಬೇಡಿ. ನೆರಳಲ್ಲಿ, ಮೊದಲ ದಿನ ಒದ್ದೆ ಬಟ್ಟೆ ಮುಚ್ಚಿ ನಿಧಾನವಾಗಿ ಒಣಗಿಸಿ. ಬಣ್ಣಕ್ಕೆ ಕೆಮ್ಮಣ್ಣು, ಅರಿಶಿನ, ಸೀಮೆಸುಣ್ಣದ ಪುಡಿ ಸಾಕು. ಅಂಟಿನ ನೀರಲ್ಲಿ ಕಲಸಿ ಹಚ್ಚಿ. ಗೋಡೆಗೆ ಬಳಿಯುವ ಸುಣ್ಣ ಮಕ್ಕಳ ಕೈಗೆ ಬೇಡ, ಕಣ್ಣಿಗೆ ಬಿದ್ದರೆ ಅಪಾಯ. ಕುರುಬನಿಗೆ ಕರಿ ಬಟ್ಟೆಯ ತುಂಡಿನ ಕಂಬಳಿ ಹೊದಿಸಿ. ಕೊಟ್ಟಿಗೆಯ ಚಪ್ಪರಕ್ಕೆ ಜೋಳದ ಕಣಿಕೆ ಹಾಕಿ.

ಹತ್ತಿಯ ಕುರಿ

ಒಂದು, ಎರಡನೇ ತರಗತಿಯವರಿಗೆ ಇದು. ಪ್ರತಿ ಮಗುವೂ ಒಡೆದ ಒಂದು ಹತ್ತಿ ಕಾಯಿ ತರಲಿ. ಮುಟ್ಟಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯುವುದು ಕಡ್ಡಾಯ, ಹೊಲದ ಹತ್ತಿಗೆ ಔಷಧಿ ಹೊಡೆದಿರುತ್ತಾರೆ.

ಮೊದಲು ಕಾಯಿಯಲ್ಲಿ ಎಷ್ಟು ತೊಳೆ ಇವೆ ಅಂತ ಎಣಿಸಲಿ. ಮೂರರಿಂದ ಐದು ಇರುತ್ತವೆ. ಆಮೇಲೆ ಒಂದೊಂದು ತೊಳೆಯ ಬೀಜ ಬಿಡಿಸಿ ಎಣಿಸಿ, ನೆಲದ ಮೇಲೆ ಹತ್ತರ ಗುಂಪು ಮಾಡಲಿ. ಇಡೀ ತರಗತಿಯ ಬೀಜ ಸೇರಿಸಿದರೆ ನೂರು ದಾಟುತ್ತದೆ. ಬಿಡಿ, ಹತ್ತು, ನೂರು ಕಲಿಸಲು ಇದಕ್ಕಿಂತ ಒಳ್ಳೆ ಸಾಮಾನು ನನಗೆ ಸಿಕ್ಕಿಲ್ಲ. ಬೀಜದಿಂದ ಅರಳೆ ಬಿಡಿಸಲು ಬೆರಳಿಗೆ ಎಷ್ಟು ಕಷ್ಟ ಅಂತ ಗೊತ್ತಾದಾಗ ಜಿನ್ನಿಂಗ್ ಮಿಲ್ ಮಾಡುವ ಕೆಲಸ ಏನು ಅಂತ ಹೇಳಿ. ಅರಳೆ, ನೂಲು, ಬಟ್ಟೆ ಎಂಬ ಸರಪಳಿ ತಾನಾಗಿ ಬರುತ್ತದೆ.

ಕುರಿ ಮಾಡುವುದು ಸುಲಭ. ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಮಗುವಿನ ಅಂಗೈ ಅಗಲದ ಮೊಟ್ಟೆಯಾಕಾರ ಕತ್ತರಿಸಿ, ಅಂಟು ಹಚ್ಚಿ ಅರಳೆ ಒತ್ತಿ. ಮುಖಕ್ಕೆ ಕರಿ ಕಾಗದ. ನಮ್ಮ ಕಡೆಯ ಕುರಿಯ ಕಿವಿ ಜೋತಾಡುತ್ತವೆ, ಹಾಗೇ ಕತ್ತರಿಸಿ. ಕಾಲಿಗೆ ನಾಲ್ಕು ಬೆಂಕಿಕಡ್ಡಿ, ಮದ್ದಿನ ತುದಿಯನ್ನು ನೀವೇ ಮೊದಲು ಮುರಿದಿಡಿ. ಒಂದು ಕುರಿಗೆ ನಾಲ್ಕು ಕಾಲಾದರೆ ಐದು ಕುರಿಗೆ ಎಷ್ಟು? ನಾಲ್ಕರ ಮಗ್ಗಿ ಹಟ್ಟಿಯ ಮುಂದೆ ನಿಂತೇ ಹೇಳಬಹುದು.

ಈ ಹತ್ತಿಯನ್ನೇ ಹಿಮ ಅಂತ ಗೋದಲಿಯ ಮೇಲೆ ಉದುರಿಸುವವರು ಇದ್ದಾರೆ. ನಾನು ಬೇಡ ಅನ್ನುತ್ತೇನೆ. ಕ್ರಿಸ್ಮಸ್ ಚಿತ್ರಗಳ ಹಿಮ ಯುರೋಪಿನ ಚಳಿಗಾಲದಿಂದ ಬಂದದ್ದು. ಮಕ್ಕಳು ಕೇಳಿದರೆ ಹಾಗೆಂದೇ ಹೇಳಿ.

ಕಾರ್ಡು, ಪತ್ರ, ಪಿನ್ ಕೋಡು

ಮೊದಲ ಕ್ರಿಸ್ಮಸ್ ಶುಭಾಶಯ ಪತ್ರ ಅಚ್ಚಾದದ್ದು 1843ರಲ್ಲಿ ಲಂಡನ್ನಿನಲ್ಲಿ. ಹೆನ್ರಿ ಕೋಲ್ ಎಂಬವರು ಎಲ್ಲರಿಗೂ ಬೇರೆ ಬೇರೆ ಪತ್ರ ಬರೆಯಲು ಆಗದೆ ಚಿತ್ರಕಾರ ಜಾನ್ ಕಾಲ್ಕಾಟ್ ಹಾರ್ಸ್ಲಿ ಅವರಿಂದ ಚಿತ್ರ ಬರೆಸಿ ಮುದ್ರಿಸಿದರು. ನಮ್ಮ ಮಕ್ಕಳು ಕೈಯಿಂದಲೇ ಮಾಡಲಿ.

ಹಸಿರು ಕಾಗದದಲ್ಲಿ 2 ಸೆಂ.ಮೀ. ಅಗಲದ ಐದು ಪಟ್ಟಿ ಕತ್ತರಿಸಿ. ಉದ್ದ 20, 16, 12, 8, 4 ಸೆಂ.ಮೀ. ಇರಲಿ. ಪ್ರತಿಯೊಂದನ್ನೂ ಬೀಸಣಿಗೆಯ ಹಾಗೆ ಹಿಂದೆ ಮುಂದೆ ಮಡಿಸಿ. ಕಾರ್ಡಿನ ಮೇಲೆ ದೊಡ್ಡದು ಕೆಳಗೆ, ಚಿಕ್ಕದು ಮೇಲೆ ಬರುವಂತೆ ಅಂಟಿಸಿದರೆ ಕ್ರಿಸ್ಮಸ್ ಮರ. ಪ್ರತಿ ಪಟ್ಟಿ ಎಷ್ಟು ಕಡಿಮೆಯಾಗುತ್ತಿದೆ, ಐದೂ ಸೇರಿ ಎಷ್ಟು ಉದ್ದ, 36 ಕಾರ್ಡಿಗೆ ಎಷ್ಟು ಮೀಟರ್ ಪಟ್ಟಿ ಬೇಕು ಅಂತ ಲೆಕ್ಕ ಮಾಡಿಸಿ. ಒಂದು ಕಾರ್ಡಿಗೆ 60 ಸೆಂ.ಮೀ., ಒಟ್ಟು 21 ಮೀಟರ್ 60 ಸೆಂ.ಮೀ.

ಒಳಗಿನ ಬರಹಕ್ಕೆ ಹೆಚ್ಚು ಹೊತ್ತು ಕೊಡಿ. ಬೋರ್ಡಿನ ಮೇಲೆ ಒಂದೇ ವಾಕ್ಯ ಬರೆದು ಎಲ್ಲರೂ ನಕಲು ಮಾಡುವಂತೆ ಮಾಡಬೇಡಿ. ಯಾರಿಗೆ ಬರೆಯುತ್ತಾರೋ ಅವರಿಗೆ ಒಂದು ಸುದ್ದಿ, ಒಂದು ಪ್ರಶ್ನೆ, ಒಂದು ಹಾರೈಕೆ ಇರಲಿ ಅಂತ ಹೇಳಿ. ದುಡಿಯಲು ಬೆಂಗಳೂರಿಗೋ ಪುಣೆಗೋ ಹೋದ ಅಪ್ಪ ಅಮ್ಮನಿಗೆ ಬರೆಯುವ ಮಕ್ಕಳು ಇರುತ್ತಾರೆ. ಅವರ ಹತ್ತಿರ ಕೂತು, ಅವರು ಹೇಳಿದ್ದನ್ನು ಬರೆಯಲು ನೆರವಾಗಿ.

ವಿಳಾಸ ಬರೆಯುವುದೇ ಒಂದು ಪಾಠ. ಭಾರತದಲ್ಲಿ ಪಿನ್ ಕೋಡು ಬಂದದ್ದು 1972ರ ಆಗಸ್ಟ್ 15ರಂದು. ರಾಯಚೂರು 584101, ಕೊಪ್ಪಳ 583231, ಬಳ್ಳಾರಿ 583101. ಮೂರನ್ನೂ ಬೋರ್ಡಿನ ಮೇಲೆ ಬರೆದು ಏನು ಒಂದೇ ಇದೆ, ಏನು ಬೇರೆ ಅಂತ ಹುಡುಕಿಸಿ. ಮೊದಲ ಅಂಕಿ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. ಆಮೇಲೆ ಎಲ್ಲರೂ ಸಾಲಾಗಿ ಅಂಚೆ ಕಚೇರಿಗೆ ನಡೆದು ಹೋಗಿ ಹಾಕಿ ಬನ್ನಿ.

ನಕ್ಷತ್ರದ ಗೂಡು

ಜರ್ಮನಿಯ ನೀಸ್ಕಿ ಊರಿನಲ್ಲಿ ಮೊರೇವಿಯನ್ ಎಂಬ ಕ್ರೈಸ್ತ ಪಂಥದವರ ಶಾಲೆಯಲ್ಲಿ 1830ರ ದಶಕದಲ್ಲಿ ಮಕ್ಕಳಿಗೆ ರೇಖಾಗಣಿತ ಕಲಿಸಲು ಕಾಗದದ ನಕ್ಷತ್ರ ಮಾಡಿಸಿದರು. ಅದೇ ಮುಂದೆ ಕ್ರಿಸ್ಮಸ್ಸಿನ ಹೆಸರಾಂತ ಮೊರೇವಿಯನ್ ನಕ್ಷತ್ರವಾಯಿತು. ಅದಕ್ಕೆ ತುಂಬ ಮೂಲೆಗಳು. ನಾವು ಐದು ಮೂಲೆಯದನ್ನು ಮಾಡೋಣ. 4 ಮತ್ತು 5ನೇ ತರಗತಿಯವರು ಐದೈದು ಜನರ ಗುಂಪಿನಲ್ಲಿ ಮಾಡಲಿ.

ಕಡ್ಡಿಗೆ ಬಿದಿರಿನ ಸೀಳು ಒಳ್ಳೆಯದು. ಬುಟ್ಟಿ ಹೆಣೆಯುವ ಮೇದಾರರ ಹತ್ತಿರ ಸಿಗುತ್ತದೆ. ಜೋಳದ ದಂಟು ಬಾಗಿಸಿದರೆ ಮುರಿಯುತ್ತದೆ, ಚಪ್ಪಟೆ ನಕ್ಷತ್ರಕ್ಕೆ ಮಾತ್ರ ಸರಿ. ದಂಟಿನ ಸಿಬಿರು ಬ್ಲೇಡಿನಂತೆ ಕೊಯ್ಯುತ್ತದೆ, ಅದನ್ನು ಸುಲಿಯುವ ಕೆಲಸ ನಿಮ್ಮದು.

1. ಒಂದು ನಕ್ಷತ್ರಕ್ಕೆ 32 ಸೆಂ.ಮೀ. ಉದ್ದದ ಹತ್ತು ಕಡ್ಡಿ, 7 ಸೆಂ.ಮೀ. ಉದ್ದದ ಐದು ತುಂಡು ಕತ್ತರಿಸಿಡಿ. ಒಟ್ಟು ಎಷ್ಟು ಬಿದಿರು ಬೇಕು ಅಂತ ಮಕ್ಕಳೇ ಹೇಳಲಿ: 3 ಮೀಟರ್ 55 ಸೆಂ.ಮೀ.

2. ಪ್ರತಿ ಉದ್ದ ಕಡ್ಡಿಯ ಮೇಲೆ 1, 12.5, 19.5, 31 ಸೆಂ.ಮೀ.ಗೆ ಪೆನ್ನಿನಿಂದ ಗುರುತು ಹಾಕಿ. ಇದೇ ಇಡೀ ಕೆಲಸದ ಗುಟ್ಟು. ತುದಿಯ ಗುರುತುಗಳಲ್ಲಿ ಗಂಟು, ನಡುವಿನ ಎರಡರಲ್ಲಿ ಕಡ್ಡಿಗಳು ಒಂದನ್ನೊಂದು ದಾಟುತ್ತವೆ. ಕಣ್ಣಳತೆಯಲ್ಲಿ ಕಟ್ಟಿದರೆ ನಕ್ಷತ್ರ ಸೊಟ್ಟ ಆಗುತ್ತದೆ.

3. ಕೈ ಎತ್ತದೆ ಪೆನ್ಸಿಲ್ಲಿನಿಂದ ನಕ್ಷತ್ರ ಬರೆಯುತ್ತೇವಲ್ಲ, ಆ ಕ್ರಮದಲ್ಲೇ ಐದು ಕಡ್ಡಿ ಜೋಡಿಸಿ. ದಾಟುವ ಕಡೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗಲಿ. ಐದು ತುದಿಗಳನ್ನು ದಾರದಿಂದ ಬಿಗಿಯಾಗಿ ಕಟ್ಟಿ. ಇಂಥದ್ದೇ ಇನ್ನೊಂದು ಕಟ್ಟಿ.

4. ಈಗ ಕೋನಮಾಪಕ ಕೊಡಿ. ಪ್ರತಿ ತುದಿಯ ಕೋನ 36 ಡಿಗ್ರಿ ಹತ್ತಿರ ಬರಬೇಕು. ಐದೂ ಕೂಡಿದರೆ 180, ತ್ರಿಭುಜದ ಮೂರು ಕೋನಗಳ ಮೊತ್ತವೂ ಅಷ್ಟೇ. ನಡುವಿನ ಪಂಚಭುಜದ ಕೋನ 108.

5. ಎರಡೂ ನಕ್ಷತ್ರಗಳನ್ನು ಒಂದರ ಮೇಲೊಂದು ಇಟ್ಟು ಐದು ತುದಿಗಳನ್ನು ಸೇರಿಸಿ ಕಟ್ಟಿ. ನಡುಭಾಗವನ್ನು ಮೆಲ್ಲಗೆ ಅಗಲಿಸಿ, ದಾಟುವ ಐದು ಕಡೆ 7 ಸೆಂ.ಮೀ. ತುಂಡುಗಳನ್ನು ನಿಲ್ಲಿಸಿ ಕಟ್ಟಿ. ಚಪ್ಪಟೆ ಇದ್ದದ್ದು ಉಬ್ಬಿ ಗೂಡಾಗುತ್ತದೆ. ಇಲ್ಲಿ ಇಬ್ಬರು ಹಿಡಿಯಬೇಕು, ಒಬ್ಬರು ಕಟ್ಟಬೇಕು.

6. ಗಾಳಿಪಟದ ಕಾಗದ ಹಚ್ಚಿ. ನಕ್ಷತ್ರದ ಪ್ರತಿ ಮೂಲೆಗೆ ನಾಲ್ಕು ತ್ರಿಭುಜ, ಒಟ್ಟು 20. ತುಂಡುಗಳು 7 ಸೆಂ.ಮೀ. ಇಟ್ಟದ್ದರಿಂದ ಇಪ್ಪತ್ತೂ ಒಂದೇ ಅಳತೆ: ತಳ 7, ಎತ್ತರ 11 ಸೆಂ.ಮೀ. ಮೂರೂ ಬದಿಗೆ 1 ಸೆಂ.ಮೀ. ಅಂಟಿಸುವ ಅಂಚು ಬಿಡಿ. ರಟ್ಟಿನ ಒಂದು ಅಚ್ಚು ಮಾಡಿಕೊಂಡರೆ ಐವರಿಗೆ ನಾಲ್ಕು ನಾಲ್ಕು ಹಂಚಬಹುದು. ಮುಂದಿನ ಪಂಚಭುಜಕ್ಕೆ ಬೇರೆ ಬಣ್ಣದ ಕಾಗದ ಹಚ್ಚಿ, ಹಿಂದಿನದನ್ನು ತೆರೆದೇ ಬಿಡಿ.

7. ಒಳಗೆ ಬ್ಯಾಟರಿಯ ಸಣ್ಣ ಎಲ್ಇಡಿ ದೀಪ ಮಾತ್ರ. ಮೇಣದ ಬತ್ತಿ, ಕರೆಂಟಿನ ಬಲ್ಬು ಇಡಬೇಡಿ. ಕಾಗದ, ಬಿದಿರು ಎರಡೂ ಬೇಗ ಹತ್ತಿಕೊಳ್ಳುತ್ತವೆ.

ಸಣ್ಣವರಿಗೆ ಜೋಳದ ದಂಟಿನ ಬೆಂಡು ಕೊಡಿ. ಐದು ದಂಟಿನ ಚಪ್ಪಟೆ ನಕ್ಷತ್ರಕ್ಕೆ ಬಣ್ಣದ ನೂಲು ಸುತ್ತಲಿ. ಬೆಂಡಿನಲ್ಲಿ ಬಂಡಿ ಮಾಡಿದ ಕೈಗಳಿಗೆ ಇದು ಆಟ.

ನೇತುಹಾಕಿದ ಮೇಲೆ ಅದರ ಕೆಳಗೆ ಪದಗಳ ಗೋಡೆ ಮಾಡಿ. ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಆಡುವ ಮಕ್ಕಳು ನಕ್ಷತ್ರ, ಕುರಿ, ಮಗು, ಬೆಳಕು ಇವಕ್ಕೆ ತಮ್ಮ ಮಾತಿನ ಪದ ಹೇಳಲಿ. ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದು ಅಂಟಿಸಿ.

ಡಿಸೆಂಬರ್ 22ರ ಗಣಿತ

ಶ್ರೀನಿವಾಸ ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು. 2012ರಿಂದ ಅದು ರಾಷ್ಟ್ರೀಯ ಗಣಿತ ದಿನ. ಕ್ರಿಸ್ಮಸ್ಸಿಗೆ ಮೂರೇ ದಿನ ಮುಂಚೆ ಇದು ಬರುವುದು ನಮಗೆ ಬಹಳ ಅನುಕೂಲ. ಅವತ್ತು ರಜೆ ಇದ್ದರೆ ಹಿಂದಿನ ದಿನ ಮಾಡಿ.

ಬೆಳಿಗ್ಗೆ ಕೈಗಳ ಮರ. ಪ್ರತಿ ಮಗುವೂ ಹಸಿರು ಕಾಗದದ ಮೇಲೆ ಅಂಗೈ ಇಟ್ಟು ಸುತ್ತ ಗೆರೆ ಎಳೆದು ಕತ್ತರಿಸಲಿ. ಮೇಲಿನ ಸಾಲಿಗೆ 1, ಅದರ ಕೆಳಗೆ 2, ಆಮೇಲೆ 3, ಹೀಗೆ ಬೆರಳು ಕೆಳಮುಖವಾಗಿ ಅಂಟಿಸುತ್ತ ಬನ್ನಿ. 36 ಕೈಗಳಿಗೆ ಸರಿಯಾಗಿ 8 ಸಾಲು. 28 ಮಕ್ಕಳಿದ್ದರೆ 7 ಸಾಲು, 45 ಇದ್ದರೆ 9. ನಿಮ್ಮಲ್ಲಿ 31 ಮಕ್ಕಳಿದ್ದರೆ ಉಳಿದ ಮೂರು ಕೈ ಕಾಂಡಕ್ಕೆ ಆಗುತ್ತವೆ, ಆದರೆ ಉಪಾಯ ಅವರೇ ಹುಡುಕಲಿ. ಒಂದರಿಂದ ಎಂಟರ ಮೊತ್ತ ಕೂಡಿಸದೆ ಹೇಳುವುದು ಹೇಗೆ? 1 ಮತ್ತು 8 ಸೇರಿ 9, 2 ಮತ್ತು 7 ಸೇರಿ 9, ಇಂಥ ನಾಲ್ಕು ಜೋಡಿ. ಹೊರಗಿಂದ ಕೊಂಬೆ ಕಡಿದು ತರುವ ಅಗತ್ಯವೇ ಇಲ್ಲ. ಕೊಂಬೆ ಬೇಕೇ ಬೇಕು ಅಂದರೆ ಬಿದ್ದ ಬೇವಿನ ಒಣ ಟೊಂಗೆ ತನ್ನಿ, ಬಳ್ಳಾರಿ ಜಾಲಿ ಬೇಡ, ಮುಳ್ಳು.

ಮಧ್ಯಾಹ್ನ ನೆರಳಿನ ಅಳತೆ. ಅಂಗಳದಲ್ಲಿ 1 ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ. ರಾಯಚೂರಿನಲ್ಲಿ ಈ ದಿನಗಳಲ್ಲಿ ಸೂರ್ಯ ನೆತ್ತಿಯ ಸಾಲಿಗೆ ಬರುವುದು 12 ಗಂಟೆ 20 ನಿಮಿಷದ ಸುಮಾರಿಗೆ. 12ರಿಂದ 12:40ರ ತನಕ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿಸಿ. ಅತಿ ಚಿಕ್ಕ ನೆರಳು ಸುಮಾರು 83 ಸೆಂ.ಮೀ. ಬರುತ್ತದೆ. ಇದು ವರ್ಷದ ಅತಿ ಚಿಕ್ಕ ಹಗಲಿನ ಹೊತ್ತು, ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಇದೇ ಅಳತೆಯನ್ನು ಮಾರ್ಚ್ 21ಕ್ಕೆ ಮತ್ತೆ ಮಾಡಲು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಗ ನೆರಳು ಸುಮಾರು 29 ಸೆಂ.ಮೀ.ಗೆ ಇಳಿದಿರುತ್ತದೆ.

ಕೊನೆಗೆ ರಂಗೋಲಿ. ನಡುವಿನ ಸಾಲಿಗೆ 7 ಚುಕ್ಕಿ, ಅದರ ಮೇಲೂ ಕೆಳಗೂ ಸಂದಿಗೆ ಸರಿಯಾಗಿ 6, 5, 4. ಒಟ್ಟು ಎಷ್ಟು? 37. ಹೊರಗಿನ ಆರು ಮೂಲೆಗಳಲ್ಲಿ ಒಂದು ಬಿಟ್ಟು ಒಂದನ್ನು ಗೆರೆ ಎಳೆದು ಕೂಡಿಸಿದರೆ ಒಂದು ತ್ರಿಭುಜ, ಉಳಿದ ಮೂರಕ್ಕೆ ಇನ್ನೊಂದು. ಎರಡೂ ಸೇರಿ ಆರು ಮೂಲೆಯ ನಕ್ಷತ್ರ. ಹೊತ್ತು ಉಳಿದರೆ ಕಾಗದದಲ್ಲೂ ಆರರ ಆಟ ಆಡಿ. ಊಟದ ತಟ್ಟೆಯಿಟ್ಟು ವೃತ್ತ ಕತ್ತರಿಸಿ, ಅರ್ಧಕ್ಕೆ ಮಡಿಸಿ, ಆ ಅರ್ಧವನ್ನು ಮೂರು ಸಮಪಾಲಾಗಿ, ಅದನ್ನು ಮತ್ತೆ ಅರ್ಧಕ್ಕೆ. ಮಡಿಕೆಯ ಅಂಚಿಗೆ ಒಂದು ಕಚ್ಚು ಕೊಟ್ಟರೆ ಬಿಚ್ಚಿದಾಗ ಆರು ತೂತು. ಮಡಿಕೆಗೆ ತಾಗದೆ ನಡುವೆ ಒಂದು ತೂತು ಮಾಡಿದರೆ ಹನ್ನೆರಡು. ಬಿಚ್ಚುವ ಮುಂಚೆ ಊಹೆ ಹೇಳಿಸಿ.

ಬೇಗ ಮುಗಿಯುವ ಕೆಲಸಗಳು

ಬಿಸಿಯೂಟದ ಮೊಟ್ಟೆಯ ಕಾಗದದ ಟ್ರೇಗಳನ್ನು ಎರಡು ದಿನ ಬಿಸಿಲಿಗಿಟ್ಟು, ಒಂದೊಂದು ಗುಂಡಿ ಕತ್ತರಿಸಿ ಬಣ್ಣ ಹಚ್ಚಿದರೆ ಗಂಟೆ. ನಾಲಿಗೆಗೆ ಸೋಡಾ ಬಾಟಲಿಯ ಮುಚ್ಚಳ ಕಟ್ಟಿ. ಒಡೆದ, ಕಲೆ ಹತ್ತಿದ ಟ್ರೇ ಬೇಡ.

ಸಾಂಟಾ ಯಾರು ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಈಗಿನ ಟರ್ಕಿ ದೇಶದ ಮೈರಾ ಊರಿನಲ್ಲಿ 4ನೇ ಶತಮಾನದಲ್ಲಿ ಇದ್ದ ಬಿಷಪ್ ನಿಕೋಲಸ್, ಗುಟ್ಟಾಗಿ ಬಡವರಿಗೆ ನೆರವಾಗುತ್ತಿದ್ದರು ಎಂಬ ಕಥೆಗಳಿಂದ ಬೆಳೆದು ಬಂದ ರೂಪ ಅದು. ಟೋಪಿ, ಗಡ್ಡ ಕೊಳ್ಳುವ ಬದಲು ಗುಟ್ಟಿನ ಗೆಳೆಯನ ಆಟ ಆಡಿಸಿ. ಚೀಟಿಯಲ್ಲಿ ಹೆಸರು ಎತ್ತಿ, ಮೂರು ದಿನ ಆ ಗೆಳೆಯನಿಗೆ ಗೊತ್ತಾಗದಂತೆ ಒಂದೊಂದು ಉಪಕಾರ ಮಾಡಬೇಕು: ಪೆನ್ಸಿಲ್ ಕೆತ್ತಿಡುವುದು, ಪುಸ್ತಕಕ್ಕೆ ಹೊದಿಕೆ ಹಾಕುವುದು. ದುಡ್ಡು ಕೊಟ್ಟು ಏನನ್ನೂ ತರಬಾರದು. ಈ ನಿಯಮ ಸಡಿಲ ಮಾಡಬೇಡಿ. ಸಡಿಲ ಮಾಡಿದರೆ ತರಲಾಗದ ಮಗು ಅವತ್ತು ಶಾಲೆಗೇ ಬರುವುದಿಲ್ಲ.

24ರಂದು ಮತ್ತು ಆಮೇಲೆ

ಪಾಲಕರನ್ನು ಮಧ್ಯಾಹ್ನದ ಬದಲು ಸಂಜೆ ನಾಲ್ಕರ ಮೇಲೆ ಕರೆಯಿರಿ, ಹೊಲದಿಂದ ಬರಲು ಹೊತ್ತು ಸಿಗುತ್ತದೆ. ಭಾಷಣ ಬೇಡ. ಪ್ರತಿ ವಸ್ತುವಿನ ಹತ್ತಿರ ಇಬ್ಬರು ಮಕ್ಕಳು ನಿಂತು ಹೇಗೆ ಮಾಡಿದೆವು, ಏನು ಅಳೆದೆವು ಅಂತ ಹೇಳಲಿ. ಬಿರುಕು ಬಿಟ್ಟ ಮಣ್ಣಿನ ಉಂಡೆಯನ್ನೂ ಅಳತೆಯ ಪಟ್ಟಿಯ ಜೊತೆ ಇಡಿ. ಅದರ ಮುಂದೆ ನಿಂತು ರೈತರು ಮಕ್ಕಳಿಗೆ ಹೇಳುವ ಮಾತುಗಳನ್ನು ಬರೆದುಕೊಳ್ಳಿ, ಜನವರಿಯ ಪರಿಸರ ಪಾಠಕ್ಕೆ ಆಗುತ್ತವೆ. ಅಂಕ ಹಾಕಬೇಡಿ. ಯಾರು ಸ್ಕೇಲನ್ನು ಸೊನ್ನೆಯಿಂದ ಅಳೆದರು, ಯಾರು 1ರಿಂದ ಅಳೆದರು, ಯಾರಿಗೆ ಕತ್ತರಿ ಹಿಡಿಯಲು ಕಷ್ಟ, ಯಾರು ಪತ್ರದಲ್ಲಿ ಒತ್ತಕ್ಷರ ಬಿಟ್ಟರು ಅಂತ ಪ್ರತಿ ಮಗುವಿನ ಹೆಸರಿನ ಮುಂದೆ ಒಂದು ಸಾಲು ಬರೆದಿಟ್ಟುಕೊಳ್ಳಿ.

ರಜೆ ಮುಗಿಸಿ ಬಂದ ಮೇಲೆ ನಕ್ಷತ್ರದ ಕಾಗದ ಬಿಚ್ಚಿ, ಬಿದಿರಿನ ಹಂದರವನ್ನು ಗೆದ್ದಲು ಹತ್ತದಂತೆ ಕಪಾಟಿನ ಮೇಲೆ ತೂಗುಹಾಕಿ. ಮುಂದಿನ ವರ್ಷಕ್ಕೆ ಬರೀ ಕಾಗದ ಹಚ್ಚಿದರೆ ಆಯಿತು. ಬೊಂಬೆಗಳಲ್ಲಿ ಮಕ್ಕಳು ಬೇಕೆಂದದ್ದನ್ನು ಮನೆಗೆ ಕೊಡಿ, ಮಿಕ್ಕ ಮಣ್ಣನ್ನು ನೀರಲ್ಲಿ ನೆನೆಸಿ ಡಬ್ಬದಲ್ಲಿ ಮುಚ್ಚಿಡಿ. ಹತ್ತಿ ಬೀಜಗಳನ್ನು ಕಾಗದದ ಪೊಟ್ಟಣ ಕಟ್ಟಿ, ಮೇಲೆ ತಾರೀಖು ಬರೆದು, ಮಕ್ಕಳ ಕೈಗೆ ಸಿಗದಂತೆ ಒಣ ಜಾಗದಲ್ಲಿ ಇಡಿ. ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ಶಾಲೆಯ ಅಂಗಳದಲ್ಲಿ ಹತ್ತು ಬೀಜ ಊರಿಸಿ, ಎಷ್ಟು ಮೊಳೆಯುತ್ತವೆ ಅಂತ ಎಣಿಸಬಹುದು.